ಪುಣ್ಯಕೋಟಿಯಿಂದ ಬೀದಿನಾಯಿಯವರೆಗೆ: ಮಕ್ಕಳ ಪುಸ್ತಕಗಳಲ್ಲಿ ಪ್ರಾಣಿದಯೆ

ಮಕ್ಕಳಿಗೆ ಪ್ರಾಣಿಗಳ ಮೇಲೆ ಕರುಣೆ ಮೂಡಿಸುವ ಕನ್ನಡ ಪುಸ್ತಕ ಯಾವುದಾದರೂ ಇದ್ದರೆ ಹೇಳಿ ಎಂದು ನಮ್ಮ ಬಳಗದ ಗೆಳತಿಯೊಬ್ಬರು ಕೇಳಿದ್ದರು. ನಾಲ್ಕು ಹೆಸರು ಹೇಳಿ ಮುಗಿಸಬಹುದಾಗಿದ್ದ ಪ್ರಶ್ನೆ. ಆದರೆ ಹುಡುಕುತ್ತಾ ಹೋದಂತೆ ಇದರ ಹಿಂದೆ ಸಾವಿರ ವರ್ಷದ ಕತೆ ಇದೆ ಎನಿಸಿತು. ನಾನು ಎಂ.ಟೆಕ್ ಓದಿ ಸಾಫ್ಟ್‌ವೇರ್ ಕೆಲಸ ಮಾಡುವವಳು, ಸಾಹಿತ್ಯ ಚರಿತ್ರೆಯ ಪಂಡಿತೆಯಲ್ಲ. ಆದರೂ ಹೈದರಾಬಾದಿನಲ್ಲಿ ಕನ್ನಡದ ಮಕ್ಕಳನ್ನು ಬೆಳೆಸುತ್ತಿರುವ ನಮ್ಮೆಲ್ಲರಿಗೂ ಉಪಯೋಗವಾದೀತು ಎಂದು, ಓದಿ ತಿಳಿದದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.

ಕತೆಯೊಳಗಿನ ಪ್ರಾಣಿ ಯಾರು?

ಪ್ರಾಣಿಗಳ ಕತೆ ಎಂದ ಕೂಡಲೇ ನಮಗೆ ನೆನಪಾಗುವುದು ಪಂಚತಂತ್ರ. ಇದನ್ನು ಕನ್ನಡಕ್ಕೆ ತಂದವನು ದುರ್ಗಸಿಂಹ, 1031ರಲ್ಲಿ. ಕಲ್ಯಾಣ ಚಾಲುಕ್ಯ ದೊರೆ ಎರಡನೇ ಜಯಸಿಂಹನ ಕಾಲದಲ್ಲಿದ್ದ ಈ ಕವಿಯ ಊರು ಈಗಿನ ಗದಗ ಜಿಲ್ಲೆಯ ಸಯ್ಯಡಿ. ಅಂದರೆ ಮಾತನಾಡುವ ಸಿಂಹ, ನರಿ, ಎತ್ತು, ಆಮೆಗಳು ಕನ್ನಡ ಪುಸ್ತಕದೊಳಗೆ ಬಂದು ಹತ್ತಿರ ಹತ್ತಿರ ಸಾವಿರ ವರ್ಷವಾಯಿತು.

ಆದರೆ ಒಂದು ವಿಷಯ ಗಮನಿಸಬೇಕು. ಪಂಚತಂತ್ರ ಪ್ರಾಣಿಗಳ ಬಗ್ಗೆ ಬರೆದ ಪುಸ್ತಕವಲ್ಲ. ರಾಜಕುಮಾರರಿಗೆ ರಾಜನೀತಿ ಕಲಿಸಲು ಹೇಳಿದ ಕತೆಗಳು ಅವು. ಅಲ್ಲಿನ ನರಿ ಕುತಂತ್ರಿ ಮಂತ್ರಿ, ಸಿಂಹ ಕಿವಿ ಹಗುರಾದ ರಾಜ. ಕತೆ ಕೇಳಿದ ಮಗು ಸ್ನೇಹಿತರನ್ನು ಆರಿಸಿಕೊಳ್ಳುವುದು ಹೇಗೆ, ಮೋಸಗಾರರಿಂದ ಪಾರಾಗುವುದು ಹೇಗೆ ಎಂದು ಕಲಿಯುತ್ತದೆ. ನಿಜವಾದ ನರಿ ಹೇಗೆ ಬದುಕುತ್ತದೆ, ಅದಕ್ಕೆ ನೋವಾದರೆ ಏನಾಗುತ್ತದೆ ಎಂಬುದು ಅಲ್ಲಿ ಬರುವುದಿಲ್ಲ. ನರಿಗೆ ಶಾಶ್ವತವಾಗಿ ಅಂಟಿಕೊಂಡ ಕೆಟ್ಟ ಹೆಸರಿಗೆ ಇಂಥ ಕತೆಗಳೂ ಸ್ವಲ್ಪ ಮಟ್ಟಿಗೆ ಕಾರಣ ಎನ್ನಬಹುದು.

ಪ್ರಾಣಿಯ ಜೀವಕ್ಕೇ ಬೆಲೆ ಕೊಟ್ಟ ಮಾತು ನಮ್ಮಲ್ಲಿ ಗಟ್ಟಿಯಾಗಿ ಕೇಳಿಬಂದದ್ದು ಜೈನ ಕವಿಗಳಿಂದ. ಜನ್ನ 1209ರಲ್ಲಿ ಬರೆದ 'ಯಶೋಧರ ಚರಿತೆ'ಯಲ್ಲಿ ರಾಜನು ತಾಯಿಯ ಒತ್ತಾಯಕ್ಕೆ ಮಣಿದು ಹಿಟ್ಟಿನಲ್ಲಿ ಮಾಡಿದ ಕೋಳಿಯನ್ನು ಬಲಿ ಕೊಡುತ್ತಾನೆ. ಕೊಂದದ್ದು ಹಿಟ್ಟಿನ ಗೊಂಬೆ, ಆದರೂ ಕೊಲ್ಲುವ ಸಂಕಲ್ಪ ಮಾಡಿದ್ದಕ್ಕೆ ತಾಯಿ ಮಗ ಇಬ್ಬರೂ ನಾಯಿ, ನವಿಲು ಮುಂತಾಗಿ ಜನ್ಮಜನ್ಮಾಂತರ ಸುತ್ತಬೇಕಾಗುತ್ತದೆ. ಪ್ರಾಣಿಯನ್ನು ಹಿಂಸಿಸಿದವರೇ ಪ್ರಾಣಿಯಾಗಿ ಹುಟ್ಟಿ ಆ ನೋವು ಉಣ್ಣುತ್ತಾರೆ. ಇದು ಮಕ್ಕಳ ಕಾವ್ಯವಲ್ಲ, ನಿಜ. ಆದರೆ 'ನೀನೇ ಆ ಜಾಗದಲ್ಲಿದ್ದರೆ?' ಎಂಬ ಪ್ರಶ್ನೆಯನ್ನು ಇಷ್ಟು ಬಲವಾಗಿ ಕೇಳಿದ ಕನ್ನಡ ಪುಸ್ತಕಗಳು ಕಡಿಮೆ. ಇವತ್ತು ನಾವು ಮಕ್ಕಳಿಗೆ ಕೇಳುವುದೂ ಅದೇ ಪ್ರಶ್ನೆಯನ್ನು.

ಪುಸ್ತಕದ ಹೊರಗೆ, ಅಡುಗೆಮನೆಯ ಕಟ್ಟೆಯ ಮೇಲೆ, ಇನ್ನೊಂದು ಪಾಠ ನಡೆಯುತ್ತಲೇ ಇತ್ತು. ನಮ್ಮ ಅಜ್ಜಿಯರು ಕಾಗೆಯನ್ನು ಕಾಗಕ್ಕ ಎಂದರು, ಗುಬ್ಬಿಯನ್ನು ಗುಬ್ಬಕ್ಕ ಎಂದರು. ನರಿಯಣ್ಣ, ಕರಡಿ ಮಾಮ, ಹುಲಿರಾಯ, ಚಂದಮಾಮ ಎಲ್ಲರೂ ಒಂದೇ ಮನೆಯವರು. ಕೈತುತ್ತು ಹಾಕುವಾಗ ಒಂದು ತುತ್ತು ಕಾಗಕ್ಕನಿಗೂ ಇಡುತ್ತಿದ್ದರು. ಯಾವ ನೀತಿಬೋಧೆಯೂ ಇಲ್ಲದೆ ನೆಂಟಸ್ತಿಕೆಯ ಒಂದು ಹೆಸರಿನಿಂದಲೇ ಮಗುವಿಗೆ ಅವು ಪರಕೀಯವಲ್ಲ ಎಂದು ಗೊತ್ತಾಗುತ್ತಿತ್ತು. ಈ ಪಾಠದ ಲೇಖಕಿಯರ ಹೆಸರು ಯಾವ ಚರಿತ್ರೆಯಲ್ಲೂ ಇಲ್ಲ.

ಪುಣ್ಯಕೋಟಿ ಮತ್ತು ಹುಲಿ

ಕನ್ನಡದ ಮಕ್ಕಳಿಗೆ ಪ್ರಾಣಿಯ ಮೇಲಿನ ಕರುಣೆ ಎಂದರೆ ಮೊದಲು 'ಗೋವಿನ ಹಾಡು'. ಬರೆದವರು ಯಾರೆಂದು ತಿಳಿಯದ ಈ ಜನಪದ ಕಥನಗೀತೆ ತಲೆಮಾರುಗಳಿಂದ ಶಾಲೆಯ ಪಠ್ಯದಲ್ಲಿದೆ. ಗೊಲ್ಲ ಕಾಳಿಂಗನ ಹಸು ಪುಣ್ಯಕೋಟಿ, ಹಸಿದ ಹುಲಿ ಅರ್ಬುತ, ಮನೆಯಲ್ಲಿ ಕಾಯುವ ಕರು. ಕರುವಿಗೆ ಹಾಲುಣಿಸಿ ಬರುತ್ತೇನೆಂದು ಮಾತು ಕೊಟ್ಟ ಹಸು ಹೇಳಿದಂತೆ ಮರಳಿ ಬರುತ್ತದೆ. ಹುಲಿ ಮರುಗಿ ತನ್ನ ಪ್ರಾಣವನ್ನೇ ಬಿಡುತ್ತದೆ. ಈ ಹಾಡು ಕೇಳಿ ಅಳದ ಮಕ್ಕಳಿಲ್ಲ, ನಾನೂ ಅತ್ತಿದ್ದೇನೆ.

ಹೈದರಾಬಾದಿಗೆ ಬಂದ ಮೇಲೆ ತಿಳಿದ ಸಂತೋಷದ ಸಂಗತಿಯೆಂದರೆ, ಇದೇ ಕತೆ ತೆಲುಗಿನಲ್ಲೂ ಇದೆ. 15ನೇ ಶತಮಾನದ ಅನಂತಾಮಾತ್ಯ ಎಂಬ ಕವಿಯ 'ಭೋಜರಾಜೀಯಮು' ಕಾವ್ಯದಲ್ಲಿ ಹಸು ಮತ್ತು ಹುಲಿಯ ಸಂವಾದ ಬರುತ್ತದೆ. ಇಲ್ಲಿನ ಮಕ್ಕಳೂ ಅದನ್ನು ಪಾಠವಾಗಿ ಓದಿದವರೇ. ನಾನು ಮಗಳಿಗೆ ಪುಣ್ಯಕೋಟಿಯ ಕತೆ ಹೇಳುತ್ತಿದ್ದಾಗ ಪಕ್ಕದ ಮನೆಯ ತೆಲುಗು ಅಜ್ಜಿ ಕೇಳಿಸಿಕೊಂಡು, 'ಇದು ನಮ್ಮ ಆವು-ಪುಲಿ ಕಥೆಯೇ ಅಲ್ಲವೇ' ಎಂದರು. ಗಡಿ, ಭಾಷೆ ಯಾವುದನ್ನೂ ಕೇಳದೆ ಊರೂರು ತಿರುಗಿದ ಹಸು ಅದು.

ಆದರೆ ಮಗಳು ಕೇಳಿದ ಪ್ರಶ್ನೆ ಬೇರೆಯಾಗಿತ್ತು. 'ಹುಲಿ ಯಾಕಮ್ಮ ಸಾಯಬೇಕು? ಅದಕ್ಕೆ ಹಸಿವಾಗಿತ್ತಲ್ವಾ?' ನನ್ನ ಬಾಲ್ಯದಲ್ಲಿ ನಾವು ಯಾರೂ ಇದನ್ನು ಕೇಳಿರಲಿಲ್ಲ. ಸತ್ಯಕ್ಕೆ ಸಿಕ್ಕ ಗೆಲುವು ಎಂದು ಆ ಸಾವನ್ನು ಒಪ್ಪಿಕೊಂಡಿದ್ದೆವು. ಕತೆ ಕರುಣೆ ಕಲಿಸುವುದು ನಿಜ. ಆದರೆ ಆ ಕರುಣೆ ಹಸುವಿಗೆ ಸಿಕ್ಕಿತು, ಮಾಂಸವನ್ನೇ ತಿಂದು ಬದುಕಬೇಕಾದ ಹುಲಿಗೆ ಪಶ್ಚಾತ್ತಾಪವಷ್ಟೇ ಸಿಕ್ಕಿತು. ಈ ಪ್ರಶ್ನೆಗೆ ಉತ್ತರ ಕೊಡುವ ಪುಸ್ತಕಗಳು ಕನ್ನಡದಲ್ಲಿ ಬಂದದ್ದು ಬಹಳ ತಡವಾಗಿ. ಅದಕ್ಕೆ ಮುಂಚೆ ಸಮುದ್ರದಾಚೆ ನಡೆದದ್ದನ್ನು ಸ್ವಲ್ಪ ನೋಡಬೇಕು.

ಹೆಣ್ಣುಮಕ್ಕಳು ಬರೆದ ಪುಸ್ತಕಗಳು

ಮಕ್ಕಳಿಗೆ ಪ್ರಾಣಿದಯೆ ಕಲಿಸುವುದಕ್ಕೆಂದೇ ಪುಸ್ತಕ ಬರೆಯುವ ಪದ್ಧತಿ ಇಂಗ್ಲೆಂಡಿನಲ್ಲಿ 18ನೇ ಶತಮಾನದಲ್ಲಿ ಬೆಳೆಯಿತು. ಅದರ ಬೀಜ 1693ರಲ್ಲಿ ಜಾನ್ ಲಾಕ್ ಎಂಬ ತತ್ತ್ವಜ್ಞಾನಿ ಶಿಕ್ಷಣದ ಬಗ್ಗೆ ಬರೆದ ಪುಸ್ತಕದಲ್ಲಿದೆ. ಹಕ್ಕಿಮರಿ, ಚಿಟ್ಟೆಗಳನ್ನು ಹಿಂಸಿಸಿ ಆನಂದಿಸುವ ಮಗು ಮುಂದೆ ಮನುಷ್ಯರ ಮೇಲೂ ಕಠೋರವಾಗುತ್ತದೆ ಎಂದು ಅವನು ಎಚ್ಚರಿಸಿದ. ತನಗೆ ಗೊತ್ತಿದ್ದ ಒಬ್ಬ ತಾಯಿಯನ್ನು ಅವನು ಹೊಗಳುತ್ತಾನೆ. ಹೆಣ್ಣುಮಕ್ಕಳು ನಾಯಿ, ಅಳಿಲು, ಹಕ್ಕಿ ಬೇಕೆಂದರೆ ಆಕೆ ಕೊಡಿಸುತ್ತಿದ್ದಳಂತೆ. ಆದರೆ ಒಂದು ಷರತ್ತು: ಚೆನ್ನಾಗಿ ನೋಡಿಕೊಳ್ಳಬೇಕು, ಯಾವ ಕೊರತೆಯೂ ಆಗಬಾರದು.

1786ರಲ್ಲಿ ಸಾರಾ ಟ್ರಿಮ್ಮರ್ ಎಂಬಾಕೆ ರಾಬಿನ್ ಹಕ್ಕಿಯ ಸಂಸಾರವೊಂದರ ಕತೆ ಬರೆದರು. ಮನುಷ್ಯರ ಮಕ್ಕಳು, ಹಕ್ಕಿಯ ಮಕ್ಕಳು ಎರಡು ಮನೆಗಳ ಕತೆಯೂ ಜೊತೆಜೊತೆಯಾಗಿ ಸಾಗುತ್ತದೆ. ಎರಡು ವರ್ಷದ ನಂತರ, ಮುಂದೆ ಮಹಿಳೆಯರ ಹಕ್ಕುಗಳ ಬಗ್ಗೆ ಬರೆದು ಪ್ರಸಿದ್ಧರಾದ ಮೇರಿ ವುಲ್‌ಸ್ಟನ್‌ಕ್ರಾಫ್ಟ್ ಮಕ್ಕಳಿಗಾಗಿ ಒಂದು ಪುಸ್ತಕ ಬರೆದಾಗ ಮೊದಲ ಅಧ್ಯಾಯಗಳನ್ನು ಪ್ರಾಣಿಗಳನ್ನು ನಡೆಸಿಕೊಳ್ಳುವ ರೀತಿಗೇ ಮೀಸಲಿಟ್ಟರು.

ಇವೆಲ್ಲಕ್ಕಿಂತ ಹೆಚ್ಚು ಪರಿಣಾಮ ಬೀರಿದ ಪುಸ್ತಕ 1877ರ 'ಬ್ಲ್ಯಾಕ್ ಬ್ಯೂಟಿ'. ಬರೆದ ಆನಾ ಸೀವೆಲ್ ಹದಿಹರೆಯದಲ್ಲಿ ಬಿದ್ದು ಕಾಲಿಗೆ ಪೆಟ್ಟು ಮಾಡಿಕೊಂಡು ಜೀವನಪೂರ್ತಿ ಸರಿಯಾಗಿ ನಡೆಯಲಾಗದೆ ಕುದುರೆಗಾಡಿಯನ್ನೇ ನೆಚ್ಚಿಕೊಂಡಿದ್ದವರು. ಕೊನೆಯ ವರ್ಷಗಳಲ್ಲಿ ಹಾಸಿಗೆ ಹಿಡಿದಾಗ ತಾನು ಬರೆದಷ್ಟು ಬರೆದು, ಉಳಿದದ್ದನ್ನು ತಾಯಿಯ ಕೈಯಲ್ಲಿ ಬರೆಸಿದರು. ಕುದುರೆಯೇ ತನ್ನ ಕತೆ ಹೇಳುವ ಈ ಪುಸ್ತಕವನ್ನು ಅವರು ಬರೆದದ್ದು ಮಕ್ಕಳಿಗಲ್ಲ, ಕುದುರೆ ಸಾಕುವವರಿಗೆ, ಗಾಡಿ ಹೊಡೆಯುವವರಿಗೆ. ಶ್ರೀಮಂತರ ಗಾಡಿಗಳ ಕುದುರೆಗಳಿಗೆ ತಲೆ ಸದಾ ಎತ್ತಿಯೇ ಇರುವಂತೆ ಬಿಗಿಯುತ್ತಿದ್ದ ಲಗಾಮಿನ ಕ್ರೌರ್ಯವನ್ನು ಪುಸ್ತಕ ಜನರ ಕಣ್ಣಿಗೆ ತಂದಿತು. ಪ್ರಕಟವಾದ ಐದು ತಿಂಗಳಲ್ಲಿ ಆನಾ ತೀರಿಕೊಂಡರು. 1890ರಲ್ಲಿ ಅಮೆರಿಕದ ಜಾರ್ಜ್ ಏಂಜೆಲ್ ಎಂಬ ವಕೀಲರು ತಮ್ಮ ದಯಾಶಿಕ್ಷಣ ಸಂಘದ ಮೂಲಕ ಅದನ್ನು ಅಗ್ಗದ ಬೆಲೆಗೆ ಅಚ್ಚು ಹಾಕಿಸಿ ಹಂಚಿದರು. ಅದೇ ಸಂಘದ ಬಹುಮಾನ ಪಡೆದ ಪುಸ್ತಕ, ಒಡೆಯನಿಂದ ಕಿವಿ ಬಾಲ ಕತ್ತರಿಸಿಕೊಂಡ ನಾಯಿಯೊಂದರ ಕತೆ ಹೇಳುವ 'ಬ್ಯೂಟಿಫುಲ್ ಜೋ' (1893). ಬರೆದವರು ಕೆನಡಾದ ಮಾರ್ಗರೆಟ್ ಮಾರ್ಷಲ್ ಸಾಂಡರ್ಸ್.

ಈ ಪಟ್ಟಿಯಲ್ಲಿ ಬರೆದವರು ಹೆಚ್ಚಾಗಿ ಹೆಂಗಸರು ಎಂಬುದನ್ನು ನೀವು ಗಮನಿಸಿರಬಹುದು. ಅವರಿಗೆ ಮತದಾನದ ಹಕ್ಕೂ ಇಲ್ಲದಿದ್ದ ಕಾಲ ಅದು. ಮಾತು ನಡೆಯದವರ ಕಷ್ಟ ಅವರಿಗೆ ಚೆನ್ನಾಗಿ ಅರ್ಥವಾಗಿತ್ತು ಎಂದು ನನಗನಿಸುತ್ತದೆ.

ನಾಗರಹಾವು, ನಾಯಿಮರಿ, ಬಾಲಪ್ರಪಂಚ

ಕನ್ನಡದಲ್ಲಿ ಮಕ್ಕಳಿಗಾಗಿಯೇ ಬರೆಯುವ ಕೆಲಸಕ್ಕೆ ಗಟ್ಟಿ ಬುನಾದಿ ಹಾಕಿದವರು ಬಂಟ್ವಾಳದಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರು (1874–1937). 'ಕವಿಶಿಷ್ಯ' ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಅವರು ಮೇಷ್ಟರಾಗಿ, ಶಾಲಾ ಇನ್‌ಸ್ಪೆಕ್ಟರಾಗಿ ಮಕ್ಕಳ ನಡುವೆಯೇ ಬದುಕಿದವರು. 1921ರಲ್ಲಿ ಮಂಗಳೂರಿನಲ್ಲಿ ಬಾಲ ಸಾಹಿತ್ಯ ಮಂಡಲ ಶುರುಮಾಡಿದರು. 1934ರಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ರಾಯಚೂರಿನಲ್ಲಿ ನಡೆದಾಗ ಅದರ ಅಧ್ಯಕ್ಷರು ಇವರೇ. ಆಗ ರಾಯಚೂರು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಮಕ್ಕಳಿಗೆ ಹಾಡು ಬರೆದ ಮೇಷ್ಟರನ್ನು ಸಮ್ಮೇಳನದ ಪೀಠದಲ್ಲಿ ಕೂರಿಸಿದ ಗೌರವ ನಮ್ಮ ಹಳೆಯ ಸಂಸ್ಥಾನದ ನೆಲದಲ್ಲಿ ಆಯಿತು ಎಂಬುದು ಹೈದರಾಬಾದ್ ಕನ್ನಡಿಗರಿಗೆ ಹೆಮ್ಮೆಯ ವಿಷಯ.

ಪಂಜೆಯವರ ನಾಗರಹಾವಿನ ಹಾಡು ನಮಗೆಲ್ಲ ಬಾಯಿಪಾಠ. ಹಾವನ್ನು ಕಂಡ ಮಗು ಅದರ ಚಂದ ಹೊಗಳುತ್ತದೆ, ಕೈ ಮುಗಿಯುತ್ತದೆ, ಹಾಲು ಕೊಡುತ್ತೇನೆಂದು ಕರೆಯುತ್ತದೆ, ಕೊನೆಗೆ ಹೆದರಿ ಹೊರಗೆ ಹೋಗೆಂದು ಬೇಡಿಕೊಳ್ಳುತ್ತದೆ. ಇಡೀ ಹಾಡಿನಲ್ಲಿ ಬಡಿಗೆ ಇಲ್ಲ. ಹಾವು ಕಂಡರೆ ಹೊಡೆಯುವುದೇ ರೂಢಿಯಾಗಿದ್ದ ನಾಡಿನಲ್ಲಿ ಇದು ಸಣ್ಣ ಮಾತಲ್ಲ.

ಆದರೆ ಈ ಹಾಡಿನ ಜೊತೆ ಇಂದಿನ ಮಗುವಿಗೆ ಇನ್ನೊಂದು ಮಾತು ಹೇಳಲೇಬೇಕು. ಹಾವು ಹಾಲು ಕುಡಿಯುವ ಪ್ರಾಣಿಯಲ್ಲ. ದಿನಗಟ್ಟಲೆ ನೀರಿಲ್ಲದೆ ಬಾಯಾರಿಸಿದ ಹಾವು ದಾಹಕ್ಕೆ ಹಾಲನ್ನೂ ಕುಡಿಯಬಹುದು, ಆದರೆ ಅದು ಅದಕ್ಕೆ ಜೀರ್ಣವಾಗುವುದಿಲ್ಲ. ನಾಗರಪಂಚಮಿಗೆ ಹಾವಾಡಿಗರು ತರುತ್ತಿದ್ದ ಹಾವುಗಳ ಪಾಡು ಇದೇ ಆಗಿತ್ತು. ಪ್ರೀತಿಯಿಂದಲೇ ಕೊಟ್ಟ ಹಾಲು ಅದಕ್ಕೆ ಹಿಂಸೆಯಾಗುತ್ತಿತ್ತು. ಕರುಣೆಗೆ ತಿಳಿವಳಿಕೆಯೂ ಬೇಕು ಎಂದು ನನಗೆ ಮನವರಿಕೆಯಾದದ್ದು ಇಲ್ಲಿಯೇ.

ಜಿ.ಪಿ. ರಾಜರತ್ನಂ ಅವರ ನಾಯಿಮರಿಯ ಪದ್ಯವೂ ಹಾಗೆಯೇ ಮನೆಮಾತು. ಮಗು ತಿಂಡಿ ಬೇಕೇ ಎಂದು ಕೇಳುತ್ತದೆ, ಮರಿ ಮನೆ ಕಾಯುವ ಭರವಸೆ ಕೊಡುತ್ತದೆ. ಇದೊಂದು ಪುಟ್ಟ ಒಪ್ಪಂದ: ನೀನು ನನ್ನನ್ನು ನೋಡಿಕೋ, ನಾನು ನಿನ್ನನ್ನು ನೋಡಿಕೊಳ್ಳುತ್ತೇನೆ. ಬೆಂಗಳೂರು, ಮೈಸೂರಿನ ಹಳೆಯ ಬೀದಿಗಳಲ್ಲಿ ಯಾರದ್ದೂ ಅಲ್ಲದ, ಎಲ್ಲರದ್ದೂ ಆದ ನಾಯಿಗಳು ಬದುಕಿದ್ದು ಇಂಥ ಒಪ್ಪಂದದ ಮೇಲೆಯೇ.

ತಿಳಿವಳಿಕೆಯ ದಾರಿಯನ್ನು ತೆರೆದವರು ಶಿವರಾಮ ಕಾರಂತರು. ಪುತ್ತೂರಿನಲ್ಲಿ ಬಾಲವನ ಕಟ್ಟಿದ ಅವರು 1930ರ ದಶಕದಲ್ಲಿ ಮೂರು ಸಂಪುಟಗಳ 'ಬಾಲಪ್ರಪಂಚ' ಬರೆದರು. ಕನ್ನಡದ ಮಗು ತನ್ನ ಭಾಷೆಯಲ್ಲೇ ಜಗತ್ತನ್ನು ಓದಲಿ ಎಂದು ಒಬ್ಬರೇ ಕೂತು ಮಾಡಿದ ವಿಶ್ವಕೋಶ ಅದು. ಅವರ ಮಗ ಉಲ್ಲಾಸ ಕಾರಂತರು ನಾಗರಹೊಳೆಯ ಕಾಡಿನಲ್ಲಿ ಹುಲಿಗಳ ಅಧ್ಯಯನಕ್ಕೆ ಜೀವನ ಕೊಟ್ಟರು. ಹುಲಿ ಏನು ತಿನ್ನುತ್ತದೆ, ಅದಕ್ಕೆ ಎಷ್ಟು ಕಾಡು ಬೇಕು ಎಂಬ ಲೆಕ್ಕ ಹಾಕಿದರು. ನನ್ನ ಮಗಳ ಪ್ರಶ್ನೆಗೆ ಉತ್ತರ ಇರುವುದು ಅಂಥ ಲೆಕ್ಕಗಳಲ್ಲಿ.

ಕಾನೂನು, ಕಾಡು, ತೇಜಸ್ವಿ

ಪುಸ್ತಕಗಳ ಪಕ್ಕದಲ್ಲೇ ಕಾನೂನಿನ ಕತೆಯೂ ನಡೆದಿದೆ. 1861ರಲ್ಲಿ ಕೋಲ್ಕತ್ತದಲ್ಲಿ ಪ್ರಾಣಿಹಿಂಸೆ ತಡೆಯುವ ಸಂಘ ಹುಟ್ಟಿತು. ಸ್ವಾತಂತ್ರ್ಯ ಬಂದ ಮೇಲೆ, ಕಲಾಕ್ಷೇತ್ರದ ರುಕ್ಮಿಣಿ ದೇವಿ ಅರುಂಡೇಲ್ ರಾಜ್ಯಸಭೆಯ ಸದಸ್ಯೆಯಾಗಿ 1953ರಲ್ಲಿ ಪ್ರಾಣಿಹಿಂಸೆಯ ವಿರುದ್ಧ ಖಾಸಗಿ ಮಸೂದೆ ಮಂಡಿಸಿದರು. ಸರ್ಕಾರವೇ ಕಾನೂನು ತರುವುದಾಗಿ ಪ್ರಧಾನಿ ನೆಹರೂ ಭರವಸೆ ಕೊಟ್ಟ ಮೇಲೆ ಅದನ್ನು ಹಿಂತೆಗೆದುಕೊಂಡರು. 1960ರಲ್ಲಿ ಪ್ರಾಣಿಹಿಂಸೆ ತಡೆ ಕಾಯ್ದೆ ಬಂತು, 1962ರಲ್ಲಿ ಪ್ರಾಣಿ ಕಲ್ಯಾಣ ಮಂಡಳಿ ಆಯಿತು, ಅದರ ಮೊದಲ ಅಧ್ಯಕ್ಷೆ ಅವರೇ. ನಾವು ಭರತನಾಟ್ಯದ ರುಕ್ಮಿಣಿ ದೇವಿಯನ್ನು ನೆನೆಯುತ್ತೇವೆ, ಇನ್ನೊಬ್ಬ ರುಕ್ಮಿಣಿ ದೇವಿಯನ್ನು ಮಕ್ಕಳಿಗೆ ಹೇಳುವುದು ಕಡಿಮೆ.

1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ. 1973ರಲ್ಲಿ ಹುಲಿ ಯೋಜನೆ ಶುರುವಾದಾಗ ಮೊದಲ ಒಂಬತ್ತು ಹುಲಿಧಾಮಗಳಲ್ಲಿ ನಮ್ಮ ಬಂಡೀಪುರವೂ ಒಂದು. ಪಶ್ಚಾತ್ತಾಪದಿಂದ ಸತ್ತ ಹುಲಿಯ ಹಾಡು ಶಾಲೆಯಲ್ಲಿ ಕೇಳಿಸುತ್ತಿದ್ದ ಕಾಲದಲ್ಲೇ ಹುಲಿ ಬದುಕಬೇಕೆಂದು ನಾಡು ಕಾನೂನು ಮಾಡಿತು. 1976ರ ತಿದ್ದುಪಡಿಯಲ್ಲಿ ಜೀವಿಗಳ ಮೇಲೆ ದಯೆ ಇರಬೇಕೆಂಬುದು ಸಂವಿಧಾನದ 51ಎ ವಿಧಿಯಲ್ಲಿ ನಾಗರಿಕರ ಮೂಲಭೂತ ಕರ್ತವ್ಯಗಳಲ್ಲಿ ಒಂದಾಯಿತು.

ಈ ಬದಲಾವಣೆಯನ್ನು ಕನ್ನಡದ ಮಕ್ಕಳಿಗೆ ತಂದುಕೊಟ್ಟವರು ಪೂರ್ಣಚಂದ್ರ ತೇಜಸ್ವಿ. 'ಕರ್ವಾಲೊ' (1980), 'ಪರಿಸರದ ಕತೆ' (1991) ಎರಡರಲ್ಲೂ ಕಿವಿ ಎಂಬ ನಾಯಿ ಬರುತ್ತದೆ. ಕಿವಿ ನೀತಿ ಹೇಳುವುದಿಲ್ಲ, ಮನುಷ್ಯರಂತೆ ಮಾತನಾಡುವುದಿಲ್ಲ. ಅದಕ್ಕೆ ಅದರದ್ದೇ ತಂಟೆ, ಅದರದ್ದೇ ಬುದ್ಧಿ. ತೇಜಸ್ವಿಯವರು ಬೇಟೆಯನ್ನೂ, ಮೀನು ಹಿಡಿಯುವುದನ್ನೂ ಬಲ್ಲವರು, ಹಾಗಾಗಿ ಅವರ ಬರಹದಲ್ಲಿ ಹುಸಿ ಭಾವುಕತೆ ಇಲ್ಲ. ಆ ಪುಸ್ತಕ ಮುಚ್ಚಿದ ಮೇಲೆ ನಮಗೆ ಪ್ರಾಣಿಗಳ ಬಗ್ಗೆ ಅಯ್ಯೋ ಪಾಪ ಎನಿಸುವುದಕ್ಕಿಂತ ಹೆಚ್ಚಾಗಿ ಅವುಗಳನ್ನು ನೋಡುತ್ತಾ ಕೂರಬೇಕೆನಿಸುತ್ತದೆ. ದಯೆಯ ಜೊತೆ ಗೌರವವೂ ಸೇರಿದ್ದು ಹೀಗೆ. ನಮ್ಮ ಆಫೀಸಿನ ಭಾಷೆಯಲ್ಲಿ ಹೇಳುವುದಾದರೆ, ಪಂಚತಂತ್ರದ ನರಿಯಿಂದ ತೇಜಸ್ವಿಯ ಕಿವಿಯವರೆಗೆ ಇದು ಒಂದೇ ಕತೆಯ ವರ್ಷನ್ ಹಿಸ್ಟರಿ. ಹಳೆಯದನ್ನು ಅಳಿಸಬೇಕಾಗಿಲ್ಲ, ಹೊಸದನ್ನು ಸೇರಿಸಿಕೊಳ್ಳಬೇಕು.

ನಮ್ಮ ಊರು, ನಮ್ಮ ಬೀದಿ

ಇಷ್ಟೆಲ್ಲ ಇತಿಹಾಸ ಈಗ ಯಾಕೆ ಬೇಕು? ನಮ್ಮ ಮಕ್ಕಳು ದಿನಾ ನೋಡುವುದು ಹುಲಿಯನ್ನಲ್ಲ, ಹಸುವನ್ನೂ ಅಲ್ಲ. ಗೇಟಿನ ಹೊರಗೆ ಮಲಗಿರುವ ಬೀದಿನಾಯಿಯನ್ನು. 2023ರ ಫೆಬ್ರವರಿಯಲ್ಲಿ ನಮ್ಮ ಅಂಬರ್‌ಪೇಟೆಯಲ್ಲಿ ನಾಲ್ಕು ವರ್ಷದ ಮಗುವೊಂದು ಬೀದಿನಾಯಿಗಳ ದಾಳಿಗೆ ಬಲಿಯಾಯಿತು. ಆ ದಿನಗಳಲ್ಲಿ ಈ ನಗರದ ತಾಯಂದಿರು ಯಾರೂ ನೆಮ್ಮದಿಯಿಂದ ನಿದ್ದೆ ಮಾಡಿರಲಾರರು. 2025ರ ಆಗಸ್ಟ್‌ನಲ್ಲಿ ದೆಹಲಿಯ ಬೀದಿನಾಯಿಗಳನ್ನೆಲ್ಲ ಹಿಡಿದು ಆಶ್ರಯತಾಣಕ್ಕೆ ಸೇರಿಸಬೇಕೆಂದು ಸುಪ್ರೀಂ ಕೋರ್ಟ್ ಕೊಟ್ಟ ಆದೇಶ ಹನ್ನೊಂದೇ ದಿನದಲ್ಲಿ ಮಾರ್ಪಾಡಾಯಿತು. ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪುಗಳಲ್ಲಿ ನಾಯಿಗೆ ಅನ್ನ ಹಾಕುವವರು, ಬೇಡವೆನ್ನುವವರು ಎಂದು ಎರಡು ಪಕ್ಷ. ನಡುವೆ ನಿಂತು ಕೇಳಿಸಿಕೊಳ್ಳುತ್ತಿರುವುದು ಮಕ್ಕಳು.

ಇಂಥ ಹೊತ್ತಿನಲ್ಲಿ ಮಗುವಿಗೆ ಬರೀ ಪ್ರೀತಿಸು ಎಂದರೆ ಅಪಾಯ, ಬರೀ ದೂರವಿರು ಎಂದರೆ ನಾಳೆ ಅದರ ಕೈಗೆ ಕಲ್ಲು ಬರುತ್ತದೆ. ಎರಡೂ ಆಗದಿರಲು ಮಗುವಿಗೆ ನಾಯಿಯನ್ನು ಓದಲು ಬರಬೇಕು. ಉಣ್ಣುವ, ಮಲಗಿರುವ, ಮರಿ ಹಾಕಿರುವ ನಾಯಿಯ ಹತ್ತಿರ ಹೋಗಬಾರದು. ಅಟ್ಟಿಸಿಕೊಂಡು ಬಂದರೆ ಓಡದೆ, ಕಿರುಚದೆ, ಅಲುಗದೆ ನಿಲ್ಲಬೇಕು. ಕಚ್ಚಿದರೆ ಗಾಯವನ್ನು 15 ನಿಮಿಷ ಹರಿಯುವ ನೀರಿನಲ್ಲಿ ಸೋಪು ಹಚ್ಚಿ ತೊಳೆದು ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಪರಚಿದ ಗಾಯವೇ ಆಗಲಿ, ಬೈಗುಳದ ಭಯದಿಂದ ಅಮ್ಮನಿಂದ ಮುಚ್ಚಿಡಬಾರದು. ಇವೂ ಪ್ರಾಣಿದಯೆಯ ಪಾಠಗಳೇ. ಹೆದರಿದ ಮಗು, ಹೆದರಿದ ನಾಯಿ ಎದುರುಬದುರಾದಾಗಲೇ ಅನಾಹುತವಾಗುವುದು ಹೆಚ್ಚು.

ಸಹಾಯಕ್ಕೆ ಸಂಸ್ಥೆಗಳೂ ಇವೆ. ನಟಿ ಅಮಲಾ ಅಕ್ಕಿನೇನಿ 1992ರಲ್ಲಿ ಶುರುಮಾಡಿದ ಬ್ಲೂ ಕ್ರಾಸ್ ಆಫ್ ಹೈದರಾಬಾದ್ ಗಾಯಗೊಂಡ ಪ್ರಾಣಿಗಳ ಆರೈಕೆ ಮಾಡುತ್ತಾ ಬಂದಿದೆ. ಪುಸ್ತಕಗಳ ವಿಷಯಕ್ಕೆ ಬಂದರೆ, ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ತೆರೆದ ಸ್ಟೋರಿವೀವರ್‌ನಲ್ಲಿ ಪ್ರಾಣಿಗಳ ಬಗೆಗಿನ ಎಷ್ಟೋ ಚಿತ್ರಪುಸ್ತಕಗಳು ಕನ್ನಡದಲ್ಲೂ ತೆಲುಗಿನಲ್ಲೂ ಉಚಿತವಾಗಿ ಸಿಗುತ್ತವೆ. ಮಕ್ಕಳು ಎರಡು ಭಾಷೆಯ ನಡುವೆ ಬೆಳೆಯುವ ನಮ್ಮಂಥ ಮನೆಗಳಿಗೆ ಇದು ವರದಾನ. ಕನ್ನಡ ಓದಲು ತಡವರಿಸುವ ಮಗು ಕೂಡ ಚಿತ್ರದ ನಾಯಿಯ ಹೆಸರು ಓದಲು ತಡವರಿಸುವುದಿಲ್ಲ.

ನಾನು ಈಗ ಯಾವ ಪ್ರಾಣಿಯ ಕತೆ ಓದಿದರೂ ಕೊನೆಯಲ್ಲಿ ಮಗಳ ಜೊತೆ ಮೂರು ಪ್ರಶ್ನೆ ಮಾತಾಡುತ್ತೇನೆ. ನಿಜವಾಗಿ ಈ ಪ್ರಾಣಿ ಏನು ತಿನ್ನುತ್ತದೆ? ಎಲ್ಲಿ ಮಲಗುತ್ತದೆ? ಯಾವುದಕ್ಕೆ ಹೆದರುತ್ತದೆ? ಪುಣ್ಯಕೋಟಿ ಓದಿದರೂ ಕೇಳಬಹುದು, ಪಂಚತಂತ್ರ ಓದಿದರೂ ಕೇಳಬಹುದು. ಕಣ್ಣೀರು ತರಿಸುವ ಕತೆ, ಕಣ್ಣು ತೆರೆಸುವ ಪುಸ್ತಕ ಎರಡೂ ಕನ್ನಡದಲ್ಲಿವೆ. ಎರಡನ್ನೂ ಒಂದೇ ಕಪಾಟಿನಲ್ಲಿ ಜೋಡಿಸಿಡುವ ಕೆಲಸ ನಮ್ಮದು.

ಮುಂದಿನ ಸಲ ನಾವೆಲ್ಲ ಸೇರುವಾಗ ಪ್ರತಿಯೊಬ್ಬರೂ ತಮ್ಮ ಮನೆಯ ಇಷ್ಟದ ಪ್ರಾಣಿಪುಸ್ತಕ ಒಂದನ್ನು ತಂದರೆ ಮಕ್ಕಳಿಗೊಂದು ಪುಟ್ಟ ಓದುಮನೆ ಶುರುಮಾಡಬಹುದು. ಹಳೆಯ 'ಬಾಲಪ್ರಪಂಚ'ದ ಸಂಪುಟ ಯಾರ ಮನೆಯ ಅಟ್ಟದಲ್ಲಾದರೂ ಇದ್ದರೆ ದಯವಿಟ್ಟು ತಿಳಿಸಿ. ಹಾಳೆ ಹಳದಿಯಾಗಿದ್ದರೂ ಪರವಾಗಿಲ್ಲ, ಬೈಂಡ್ ಮಾಡಿಸುವ ಖರ್ಚು ನನ್ನದು.